ಎರಡು ಸೀಟಿನ ಗಾಡಿಗೆ ಅಗಲ ಚಕ್ರ

ನನ್ನ ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಎದ್ದ ಮೊದಲ ಜಗಳ ನಾಲ್ಕು ಚಕ್ರಗಳದು. ಆಸ್ತಿಯ ಜಗಳವೆಂದರೆ ಜನಕ್ಕೆ ಅರ್ಥವಾಗುತ್ತದೆ. ಚಕ್ರದ ಜಗಳವೆಂದರೆ ನಗುತ್ತಾರೆ. ನಕ್ಕವರನ್ನು ನಾನು ತಪ್ಪೆನ್ನುವುದಿಲ್ಲ.

ಅವಳು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದವಳು ಅವಳೇ. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ವಾಹನ ಓಡಿಸಲು ಇಂದಿಗೂ ಬಾರದು. ಮದುವೆಯಾದ ಹೊಸದರಲ್ಲಿ ನನಗೂ ಕಲಿಸಲು ನೋಡಿದಳು. ಕ್ಲಚ್ಚಿನಿಂದ ಕಾಲು ತೆಗೆಯುವಾಗಲೆಲ್ಲ ನಾನು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದೆನಂತೆ. “ದೇವರ ಹತ್ತಿರ ಬ್ರೇಕ್ ಇಲ್ಲ ಕಣ್ರೀ, ಬ್ರೇಕ್ ನಿಮ್ಮ ಕಾಲ ಕೆಳಗಿದೆ” ಎಂದು ಎಷ್ಟೋ ಸಲ ಹೇಳಿ, ಕೊನೆಗೊಂದು ದಿನ ನನ್ನನ್ನು ಪಕ್ಕದ ಸೀಟಿಗೆ ದಾಟಿಸಿದಳು. ಮುಂದೆ ಆಯುಷ್ಯವೆಲ್ಲ ನಾನು ಪಕ್ಕದ ಸೀಟಿನವನೇ ಆದೆ. ಅದರಿಂದ ನನಗೇನೂ ನಷ್ಟವಾಗಲಿಲ್ಲ.

ಅವಳ ಸ್ವಂತ ಗಾಡಿ ಒಂದು ಹಳೆಯ ಸ್ಪೋರ್ಟ್ಸ್ ಕಾರು. ಉದ್ದ ಮೂತಿ, ಬಟ್ಟೆಯ ಟಾಪು, ಎರಡೇ ಸೀಟು. ಅದನ್ನು ಅವಳು ಕೊಂಡದ್ದು ಒಂದು ಗ್ಯಾರೇಜಿನ ಹಿತ್ತಲಿನಿಂದ. ಆಗ ಅದರೊಳಗೆ ಕೋಳಿಗಳು ಕಾವು ಕೂರುತ್ತಿದ್ದವು. ಹಿಂದಿನ ಮಡ್‌ಗಾರ್ಡುಗಳು ತುಕ್ಕು ತಿಂದು ಜರಡಿಯಾಗಿದ್ದವು. ತಗಡಿನ ಕೆಲಸದವನ ಶೆಡ್ಡಿಗೆ ಸಂಜೆ ಸಂಜೆ ಹೋಗಿ, ಹೊಸ ತಗಡು ಹಾಕಿಸಿ, ತಾನೇ ಸುತ್ತಿಗೆ ಹಿಡಿದು ತಟ್ಟಿ ತಟ್ಟಿ ಆ ಉಬ್ಬನ್ನು ತಂದಳು. ಆ ದಿನಗಳಲ್ಲಿ ಅವಳ ಬೆರಳುಗಳಿಗೆಲ್ಲ ಪಟ್ಟಿ. ಪಾತ್ರೆ ತೊಳೆಯುವುದು ನನ್ನ ಪಾಲಿಗೆ ಬಂದದ್ದು ಆಗ, ಮತ್ತೆ ವಾಪಸಾಗಲಿಲ್ಲ. ಆಮೇಲೆ ಬೆಣ್ಣೆಯ ಬಣ್ಣ ಬಳಿದಳು.

ಚಕ್ರಗಳು ಸೈಕಲ್ಲಿನಂತೆ ಕಡ್ಡಿಯವು. ಟೈರು ಅಂಗೈಯಗಲ. ತಿಂಗಳಿಗೊಮ್ಮೆ ಅಡುಗೆಮನೆಯ ಚಮಚ ಒಯ್ದು ಒಂದೊಂದೇ ಕಡ್ಡಿಯನ್ನು ತಟ್ಟಿ ಕೇಳುತ್ತಿದ್ದಳು. ಬಿಗಿ ಇದ್ದದ್ದು ‘ಟಿಂಗ್’ ಎನ್ನುತ್ತಿತ್ತು, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತಿತ್ತು. ನಾನು ಬೆಳಗಿನ ಚಹಾಕ್ಕೆ ಚಮಚ ಹುಡುಕುತ್ತ ಶೆಡ್ಡಿಗೆ ಹೋಗುತ್ತಿದ್ದೆ.

ಭಾನುವಾರ ನಾವಿಬ್ಬರೂ ಹೊರಡುತ್ತಿದ್ದೆವು. ಎಲ್ಲಿಗೆ ಎಂದು ಅವಳು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ನಾನು ಕೂರುವ ಪಕ್ಕದ ಸೀಟಿಗೆ ಮನೆಯಲ್ಲಿ ‘ತಾತನ ಸೀಟು’ ಎಂದೇ ಹೆಸರಾಯಿತು. ನನ್ನನ್ನು ಕೇಳದೆ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಯಾರೂ ಮಾಡಿದ ನಿಯಮವಲ್ಲ, ಹಾಗೇ ಬಂದದ್ದು.

ಆಸ್ಪತ್ರೆಯಲ್ಲಿದ್ದಾಗ ಅವಳು ಗಾಡಿಯ ಕೀಲಿಯನ್ನು ಮೊಮ್ಮಗಳ ಕೈಗೆ ಕೊಟ್ಟಳು. ಮೊಮ್ಮಗಳಿಗೆ ಅವಳಿಟ್ಟ ಹೆಸರು ಗಿರಗಿಟ್ಲೆ; ಚಿಕ್ಕಂದಿನಿಂದ ಒಂದು ಕಡೆ ನಿಂತವಳಲ್ಲ. ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ. ಮಗ ಅಲ್ಲೇ ನಿಂತಿದ್ದ. ಅವನು ಅಮ್ಮನ ಜೊತೆಯೇ ಡ್ರೈವಿಂಗ್ ಸ್ಕೂಲಿನಲ್ಲಿ ದುಡಿದವನು, ಈಗ ಅದನ್ನು ನಡೆಸುವವನು. ಅವನು ಹೊರಗೆ ಹೋದ ಮೇಲೆ, ಅವನಿಗೇಕೆ ಕೊಡಲಿಲ್ಲ ಎಂದು ನಾನು ಅವಳನ್ನು ಕೇಳಿದೆ. “ಇವನಿಗೆ ಕೊಟ್ಟರೆ ಹೊದಿಕೆ ಹೊದಿಸಿ ಇಟ್ಟುಬಿಡ್ತಾನೆ. ಅವಳು ಓಡಿಸ್ತಾಳೆ” ಎಂದಳು.

ಅವನು ಹೊದಿಸಿಯೂ ಬಿಟ್ಟ. ಅವಳನ್ನು ಮಣ್ಣು ಮಾಡಿ ಬಂದ ಮಾರನೆಯ ದಿನವೇ ಗಾಡಿಗೆ ಬೂದುಬಣ್ಣದ ಹೊದಿಕೆ ಬಿತ್ತು. ಗಿರಗಿಟ್ಲೆ ಆಗಾಗ ಅದನ್ನು ತೆಗೆದು ಕೆಲಸಕ್ಕೆ ಹೋಗಿಬರುತ್ತಿದ್ದಳು. ಬಂದ ಮೇಲೆ ಅವನು ಮತ್ತೆ ಹೊದಿಸುತ್ತಿದ್ದ. ನಾನು ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟಿದ್ದೆ.

ಒಂದು ಶನಿವಾರ ಗಾಡಿ ಹೊಸ ಚಕ್ರದ ಮೇಲೆ ಬಂತು. ಬೆಳ್ಳಿಬಣ್ಣದ ಅಲಾಯ್ ವೀಲು; ಟೈರು ಮೊದಲಿನದಕ್ಕಿಂತ ಎಷ್ಟೋ ಅಗಲ, ಮಡ್‌ಗಾರ್ಡಿನ ತುಂಬ ತುಂಬಿಕೊಂಡಿತ್ತು. ಗೇಟು ತೆಗೆಯಲು ಹೋದ ಮಗ ಗೇಟು ಹಿಡಿದೇ ನಿಂತ.

“ಇದೇನು?”

“ವೀಲು, ಅಪ್ಪ” ಎಂದಳು ಗಿರಗಿಟ್ಲೆ.

“ವೀಲು ಅಂತ ಕಾಣ್ತಿದೆ. ಇದರ ವೀಲು ಎಲ್ಲಿ?”

“ಟೈರ್ ಅಂಗಡೀಲಿದೆ. ಕಡ್ಡಿಗಳು ಸಡಿಲ ಆಗಿವೆ, ಕೆಲವು ಮುರಿದೂ ಹೋಗಿವೆ. ಇದು ರಸ್ತೆ ಚೆನ್ನಾಗಿ ಹಿಡಿಯುತ್ತೆ.”

“ಅಜ್ಜಿ ಕೈಲಿ ಹಿಡೀತಿತ್ತಲ್ಲ.”

“ಅಜ್ಜಿ ಕೈಲಿ ಹಿಡೀತಿತ್ತು. ನನ್ನ ಕೈಲಿ ಜಾರುತ್ತೆ.” ಅಲ್ಲಿಗೆ ನಿಲ್ಲಿಸಬಹುದಿತ್ತು. “ನೋಡೋಕೂ ಚೆನ್ನಾಗಿದೆ” ಎಂದಳು.

ಕೆಟ್ಟದ್ದು ಆ ಮಾತಿನಿಂದ. “ಅಜ್ಜಿಗೆ ಬೂಟು ಹಾಕಿಸಿದ ಹಾಗಿದೆ” ಎಂದು ಹೇಳಿ ಮಗ ಒಳಗೆ ಹೋದ. ಆ ರಾತ್ರಿ ಊಟಕ್ಕೆ ಇಬ್ಬರಲ್ಲಿ ಒಬ್ಬರೂ ಬರಲಿಲ್ಲ. ಸೊಸೆ ಮತ್ತು ನಾನು ನಾಲ್ಕು ಜನರ ಆಲೂಗಡ್ಡೆಯನ್ನು ಎದುರಿಗಿಟ್ಟುಕೊಂಡು ಕೂತೆವು.

ಮಾರನೆಯ ದಿನ ಮಗ ಅಂಗಡಿಗೆ ಹೋಗಿ ಹಳೆಯ ಕಡ್ಡಿ ಚಕ್ರಗಳನ್ನು ತಂದ. ಶೆಡ್ಡಿನಲ್ಲಿಡಲಿಲ್ಲ. ಒರೆಸಿ, ಹಾಸಿಗೆಯ ಚಾದರಗಳಲ್ಲಿ ಸುತ್ತಿ, ತನ್ನ ಮಲಗುವ ಕೋಣೆಯಲ್ಲಿ ಗೋಡೆಗೆ ಒರಗಿಸಿದ. ಸೊಸೆ ಬೇಕರಿಯಲ್ಲಿ ಕೆಲಸ ಮಾಡುವವಳು, ಬೆಳಕು ಹರಿಯುವ ಮುಂಚೆ ಏಳಬೇಕು. ಕತ್ತಲಲ್ಲಿ ಎಡವಿ ಎಡವಿ ಅವಳ ಮೊಣಕಾಲು ನೀಲಿಗಟ್ಟಿತು. “ಮಾವ, ನಮ್ಮ ರೂಮಿಗೆ ನಾಲ್ಕು ಜನ ನೆಂಟರು ಬಂದಿದ್ದಾರೆ. ಮಾತಿಲ್ಲ, ಕತೆಯಿಲ್ಲ, ಚಾದರ ಮಾತ್ರ ಎಲ್ಲ ಅವರಿಗೇ” ಎಂದು ನನ್ನ ಹತ್ತಿರ ಹೇಳಿಕೊಂಡಳು.

ಅಪ್ಪ ಮಗಳು ಮಾತು ಬಿಟ್ಟರು. ಏನಿದ್ದರೂ ನನ್ನ ಮೂಲಕ. “ನಿಮ್ಮ ಮೊಮ್ಮಗಳಿಗೆ ಹೇಳಿ, ಗೇಟು ಸರಿಯಾಗಿ ಹಾಕಬೇಕಂತ.” “ನಿಮ್ಮ ಮಗನಿಗೆ ಹೇಳಿ ತಾತ, ಹಾಕಿದೀನಂತ.” ಇಬ್ಬರೂ ಒಂದೇ ಕೋಣೆಯಲ್ಲಿರುವಾಗಲೇ ಹೀಗೆ. ನಾನು ಕರಡು ತಿದ್ದುವ ಕೆಲಸ ಬಿಟ್ಟು ಟಪಾಲಿನ ಕೆಲಸಕ್ಕೆ ಸೇರಿದಂತಾಯಿತು. ಕೆಲವು ದಿನ ಹೋದ ಮೇಲೆ ಗಿರಗಿಟ್ಲೆ ರಾತ್ರಿಯ ಊಟವನ್ನು ಹೊರಗೇ ಮುಗಿಸಿ ಬರತೊಡಗಿದಳು. ಅಂಗಡಿಯ ಹತ್ತಿರ ಗೆಳತಿಯೊಬ್ಬಳು ಕೋಣೆ ಹಿಡಿದಿದ್ದಾಳೆ, ಅಲ್ಲಿ ಇನ್ನೊಂದು ಮಂಚಕ್ಕೆ ಜಾಗವಿದೆ ಎಂದು ಅವಳ ಅಮ್ಮನ ಮುಂದೆ ಹೇಳಿದಳಂತೆ.

ಅದನ್ನು ಕೇಳಿದ ದಿನ ನನಗೆ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ನಮ್ಮ ಊಟದ ಮೇಜಿಗೆ ಐದು ಕುರ್ಚಿ. ಒಂದು ಖಾಲಿಯಾದದ್ದು ದೇವರ ಚಿತ್ತ. ಇನ್ನೊಂದು ಚಕ್ರಕ್ಕಾಗಿ ಖಾಲಿಯಾದರೆ ಅದನ್ನು ಯಾರ ಚಿತ್ತವೆನ್ನಲಿ? ಆ ಹುಡುಗಿ ಮನೆ ಬಿಡದಂತೆ ಮಾಡು, ಬೇರೇನೂ ಕೇಳುವುದಿಲ್ಲ ಎಂದು ಬೇಡಿಕೊಂಡೆ.

ಆ ವಾರದಲ್ಲೇ ಬೇಕರಿಯ ವ್ಯಾನು ಕೆಟ್ಟಿತು. ಯಾರದೋ ಮದುವೆಗೆ ಬನ್ನುಗಳನ್ನು ಮುಟ್ಟಿಸಬೇಕು. ಸೊಸೆ ನನ್ನ ಹತ್ತಿರ ಬಂದು, ಇವತ್ತೊಂದು ದಿನ ನಿಮ್ಮ ಸೀಟಲ್ಲಿ ಕೂರಲೇ ಎಂದು ಕೇಳಿ, ಮಡಿಲಲ್ಲಿ ತಟ್ಟೆಗಳನ್ನಿಟ್ಟುಕೊಂಡು ಮಗಳ ಜೊತೆ ಹೋದಳು. ತಿರುಗಿ ಬಂದಾಗ ಮುಖ ಕೆಂಪಗಾಗಿತ್ತು. ರಸ್ತೆಯ ಉಬ್ಬು ಬಂದಾಗಲೆಲ್ಲ ಅವಳು ಕೂತ ಕಡೆಯ ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರ್ರೆಂದಿತಂತೆ. ಸುಟ್ಟ ರಬ್ಬರಿನ ವಾಸನೆ ಬನ್ನಿಗೆ ಹತ್ತಿದೆಯೆಂದು ಮದುವೆಮನೆಯವರು ಮೂಗು ಮುರಿದರಂತೆ.

“ಇಷ್ಟು ದಿನ ಇವಳು ಓಡಿಸಿದಾಗ ಏನೂ ಇಲ್ಲ. ನಾನು ಕೂತರೆ ಟೈರು ಅಳುತ್ತೆ. ಅಷ್ಟು ದಪ್ಪ ಆಗಿದ್ದೀನಾ ಮಾವ?”

ನಿನ್ನ ಬನ್ನು ತಿಂದು ಈ ಮನೆಯಲ್ಲಿ ತೆಳ್ಳಗೆ ಉಳಿದವರು ಯಾರೂ ಇಲ್ಲ ಎಂದೆ. ಅವಳು ಮೆಚ್ಚಲಿಲ್ಲ.

ಸಂಜೆ ಟೈರ್ ಅಂಗಡಿಯವನೇ ಬಂದ. ಚಕ್ರದ ಪಕ್ಕ ಅಂಗಾತ ಮಲಗಿ ಟಾರ್ಚು ಬಿಟ್ಟು ನೋಡಿದ. ಎದ್ದು ತಲೆ ಕೆರೆದುಕೊಂಡ. ಅಳತೆ ತೆಗೆದುಕೊಳ್ಳುವ ದಿನ ಅವನು ಕೇಳಿದ್ದನಂತೆ, ಪಕ್ಕದ ಸೀಟಲ್ಲಿ ಯಾರು ಕೂರುತ್ತಾರೆ, ಅವರನ್ನೂ ಕೂರಿಸಿ ನೋಡೋಣ ಎಂದು. ಯಾರೂ ಕೂರುವುದಿಲ್ಲ ಎಂಬ ಉತ್ತರ ಬಂತು. ಸರಿ ಎಂದು ಒಬ್ಬರ ಭಾರಕ್ಕೆ ಬೆರಳಗಲ ಸಂದು ಬಿಟ್ಟು ಚಕ್ರ ಹಾಕಿದ. ಎರಡು ಸೀಟಿನ ಗಾಡಿಯಲ್ಲಿ ಒಂದನ್ನು ಲೆಕ್ಕದಿಂದ ಬಿಟ್ಟು ಅಳತೆ ಮಾಡಿದ್ದು ನನ್ನ ಸರ್ವೀಸಿನಲ್ಲೇ ಮೊದಲು ಎಂದ.

“ಯಾರೂ ಕೂರಲ್ಲ ಅಂತ ಯಾಕೆ ಹೇಳಿದೆ?” ಎಂದು ಸೊಸೆ ಕೇಳಿದಳು.

ಗಿರಗಿಟ್ಲೆ ಚಪ್ಪಲಿಯ ತುದಿ ನೋಡುತ್ತಿದ್ದಳು. “ಅದು ತಾತನ ಸೀಟು. ತಾತ ಕೂರಲ್ಲ.”

ಅಂಗಡಿಯವನು ಎರಡು ದಾರಿ ಹೇಳಿದ. ಒಂದು, ಅಗಲ ಚಕ್ರ ಬಿಚ್ಚಿ ವಾಪಸು ಕೊಡುವುದು. ಇನ್ನೊಂದು, ಮಡ್‌ಗಾರ್ಡಿನ ಒಳಗೆ ನೀಳವಾಗಿ ಚಾಚಿರುವ ಅಂಚನ್ನು ಕಾಯಿಸಿ, ಉರುಳೆಯಿಂದ ಒತ್ತಿ ಮೇಲಕ್ಕೆ ಮಡಿಸಿಬಿಡುವುದು. ಆಗ ಟೈರಿಗೆ ಬೇಕಾದ ಸಂದು ಸಿಗುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಹಳೆಯ ಬಣ್ಣ, ಬಿರಿಯುವುದಿಲ್ಲ ಎಂದು ಬರೆದುಕೊಡಲಾರೆ ಎಂದ.

ರಾತ್ರಿ ಊಟಕ್ಕೆ ಮಗ ಕೂತಾಗ ನಾನೇ ಮಾತೆತ್ತಿದೆ. ಬೆಕ್ಕಿಗೆ ಗಂಟೆ ಕಟ್ಟಲು ಬೇರೆ ಯಾರಿದ್ದರು? ಗಿರಗಿಟ್ಲೆ ಆ ದಿನ ಮನೆಯಲ್ಲಿದ್ದಳು, ಆದರೆ ಪಕ್ಕದ ಕೋಣೆಯಲ್ಲಿ. ಬಾಗಿಲು ತೆರೆದಿತ್ತು.

ಮಗ ಬ್ರೆಡ್ಡನ್ನು ಮುರಿದು, ತಿನ್ನದೆ, ತಟ್ಟೆಯಲ್ಲೇ ಇಟ್ಟ. “ಚಕ್ರ ಹಾಕಿದ್ದು ಬಿಚ್ಚಬಹುದು ಅಪ್ಪ. ನಾನು ಜಗಳ ಆಡಿದೆ, ಆದರೂ ಮನಸ್ಸಲ್ಲಿ ಅಂದುಕೊಂಡೆ, ಇವತ್ತಲ್ಲ ನಾಳೆ ಬಿಚ್ಚಬಹುದು ಅಂತ. ಅಂಚು ಮಡಿಸಿದರೆ ಮಡಿಸಿದ್ದೇ. ಅದು ಅಮ್ಮ ತಟ್ಟಿದ ತಗಡು.”

“ಬೇಡ ಅನ್ನಿಸಿದರೆ ಅವಳಿಗೇ ಹೇಳು. ಅವಳೇನು ದೂರದಲ್ಲಿಲ್ಲ.”

“ನಾನು ಹೇಗೆ ಹೇಳಲಿ? ನನ್ನ ಗಾಡಿ ಅಲ್ಲವಲ್ಲ. ಇಷ್ಟು ವರ್ಷ ಅಮ್ಮನ ಜೊತೆ ದುಡಿದೆ. ಗಾಡಿ ನನಗೆ ಕೊಡಲಿಲ್ಲ.”

ಸೊಸೆ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಅವನೇ ಮತ್ತೆ ಹೇಳಿದ: “ನೀವು ಹೇಳಿ ಅಪ್ಪ. ಮಡಿಸು ಅಂದರೆ ಮಡಿಸಲಿ, ಬೇಡ ಅಂದರೆ ಬೇಡ. ನಾನು ಬಾಯಿ ಬಿಡಲ್ಲ.”

ಹೀಗೆ ಆ ಭಾರ ನನ್ನ ತಲೆಗೆ ಬಂತು. ಮಡಿಸು ಎಂದರೆ ಮಗ ಬಾಯಿ ಬಿಡುವುದಿಲ್ಲ, ನಿಜ, ಮುಂದೆಯೂ ಬಿಡುವುದಿಲ್ಲ. ಬೇಡ ಎಂದರೆ ಗೆಳತಿಯ ಕೋಣೆಯಲ್ಲಿ ಮಂಚ ಕಾದಿದೆ. ಹಲವು ದಿನ ಬೆಳಿಗ್ಗೆ ಸಂಜೆ ದೇವರ ಮುಂದೆ ಕೂತೆ. ದೇವರು ಸುಮ್ಮನಿದ್ದ. ಅವಳಿದ್ದರೆ, ಅವನ ಹತ್ತಿರ ಬ್ರೇಕ್ ಇಲ್ಲ ಅಂತ ಆಗಲೇ ಹೇಳಿದ್ದೆನಲ್ಲ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋದೆ. ಹೊದಿಕೆಯ ಒಂದು ತುದಿ ಎತ್ತಿದೆ. ಬೆಣ್ಣೆಬಣ್ಣದ ಮಡ್‌ಗಾರ್ಡು, ಅದರ ಮೇಲೆ ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ಸುತ್ತಿಗೆಯ ಸಣ್ಣ ಸಣ್ಣ ತಗ್ಗು. ಕೆಳಗೆ ಆ ದಪ್ಪ ಕಪ್ಪು ಟೈರು. ಒಂದು ಮಾತು ಹೇಳಬೇಕು: ನೋಡಲು ನಿಜಕ್ಕೂ ಚೆನ್ನಾಗಿತ್ತು.

ಗಿರಗಿಟ್ಲೆ ಕೆಲಸಕ್ಕೆ ಹೊರಟವಳು ನನ್ನನ್ನು ಕಂಡು ಒಳಗೆ ಬಂದಳು. ಬಾಗಿಲ ಕಂಬಕ್ಕೆ ಒರಗಿ ನಿಂತಳು.

“ನೀವು ಬೇಡ ಅಂದರೆ ವೀಲು ವಾಪಸ್ ಕೊಡ್ತೀನಿ ತಾತ. ಆದರೆ ಆಮೇಲೆ ಇದನ್ನ ನಾನು ಓಡಿಸಲ್ಲ. ಅಪ್ಪ ಹೊದಿಸಿಟ್ಟುಕೊಳ್ಳಲಿ.”

“ಹಳೇ ಚಕ್ರದಲ್ಲಿ ಓಡಿಸೋಕೆ ಏನು ಕಷ್ಟ? ಕಡ್ಡಿ ರಿಪೇರಿ ಆಗುತ್ತಲ್ಲ.”

“ಕಡ್ಡಿ ಅಲ್ಲ ತಾತ. ಆ ಚಕ್ರದ ಸದ್ದು ಇದೆಯಲ್ಲ, ಗೇಟಿನ ಹತ್ತಿರ ಬರ್ತಿದ್ದ ಹಾಗೆ ಅಜ್ಜಿ ಬಂದರು ಅಂತ ಬಾಗಿಲಿಗೆ ಓಡಿ ಬರ್ತಾರೆ. ನನ್ನ ಮುಖ ನೋಡ್ತಾರೆ. ಒಳಗೆ ಹೋಗಿಬಿಡ್ತಾರೆ. ಪ್ರತಿ ಸಲವೂ.”

“ಯಾರು?”

“ನೀವು.”

ನಾನು ಹೊದಿಕೆಯ ತುದಿಯನ್ನು ಹಿಡಿದೇ ನಿಂತಿದ್ದೆ. ಹೌದು, ಬಾಗಿಲಿಗೆ ಹೋಗುತ್ತಿದ್ದೆ. ಯಾರೂ ಅದನ್ನು ಗಮನಿಸಿಲ್ಲ ಎಂದುಕೊಂಡಿದ್ದೆ. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು ಬಂದ ಹುಡುಗಿ ಆ ಮುಖವನ್ನು ನೋಡಿಕೊಂಡೇ ಮನೆಗೆ ಬರುತ್ತಿದ್ದಳು.

“ಇವತ್ತು ಕೆಲಸಕ್ಕೆ ರಜೆ ಸಿಗುತ್ತಾ?” ಎಂದು ಕೇಳಿದೆ.

“ಯಾಕೆ?”

“ಅಂಗಡಿಯವನಿಗೆ ಭಾರ ಬೇಕಲ್ಲ. ನಾನು ಕೂರ್ತೀನಿ.”

ಹೊದಿಕೆಯನ್ನು ಇಬ್ಬರೂ ಸೇರಿ ಮಡಿಸಿದೆವು. ಸೀಟು ನನ್ನ ಕಾಲಿನ ಉದ್ದಕ್ಕೆ ಇದ್ದ ಹಾಗೇ ಇತ್ತು. ದಾರಿಯುದ್ದಕ್ಕೂ ಟೈರು ಉಜ್ಜದಂತೆ ಅವಳು ಆಮೆಯ ಹಾಗೆ ಓಡಿಸಿದಳು. ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು.

ಅಂಗಡಿಯಲ್ಲಿ ನನಗೆ ಸಿಕ್ಕ ಕೆಲಸ ಹತ್ತುವುದು, ಇಳಿಯುವುದು. ಕೂತಾಗ ಅಂಗಡಿಯವನು ಟೈರಿಗೂ ಅಂಚಿಗೂ ನಡುವೆ ತಗಡಿನ ಪಟ್ಟಿ ತೂರಿಸಿ ನೋಡುವನು. ಇಳಿದ ಮೇಲೆ ಗಾಡಿಗೆ ಜಾಕು ಕೊಟ್ಟು, ಚಕ್ರ ಬಿಚ್ಚಿ, ಬಿಸಿಗಾಳಿ ಊದಿ ಬಣ್ಣವನ್ನು ಕಾಯಿಸಿ, ಉರುಳೆಯನ್ನು ಅಂಚಿನ ಗುಂಟ ನಿಧಾನವಾಗಿ ಎಳೆಯುವನು. ಮತ್ತೆ ಚಕ್ರ, ಮತ್ತೆ ನಾನು.

ಮೊದಲ ಸಲ ಕೂತಾಗ ಅವನು ಪಟ್ಟಿ ತೂರಿಸಿ, ಲೆಕ್ಕ ಹೊಂದದೆ, ಎದ್ದು ನನ್ನನ್ನು ನೋಡಿದ. ನಾನು ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದರಲ್ಲಿ ಸೀಟಿನ ಅಂಚನ್ನೂ ಹಿಡಿದು ಅರ್ಧ ಎದ್ದಂತೆ ಕೂತಿದ್ದೆ.

“ಯಜಮಾನ್ರೇ, ಹೀಗಲ್ಲ. ಪೂರ್ತಿ ಭಾರ ಬಿಡಿ. ಮನೇಲಿ ಕೂತ ಹಾಗೆ ಕೂತ್ಕೊಳ್ಳಿ.”

ಕೈ ಬಿಟ್ಟೆ. ಬೆನ್ನು ಸೀಟಿಗೆ ತಾಗಿತು. ಗಾಡಿ ಸ್ವಲ್ಪ ಕುಸಿದದ್ದು ನನಗೆ ತಿಳಿಯಿತು. ಪೆಟ್ರೋಲು, ಚರ್ಮ, ಬಿಸಿಲಿಗೆ ಕಾದ ಬಟ್ಟೆಯ ಟಾಪಿನ ವಾಸನೆ. ಪಕ್ಕಕ್ಕೆ ತಿರುಗಿ ನೋಡಬಾರದೆಂದು ಎದುರಿನ ಗೋಡೆಯನ್ನೇ ನೋಡುತ್ತಿದ್ದೆ. ಅಲ್ಲಿ ಟೈರಿನ ಒಂದು ಜಾಹೀರಾತು. ಅದರಲ್ಲಿ ಎರಡು ಅಚ್ಚಿನ ತಪ್ಪುಗಳಿದ್ದವು. ಅವು ನನ್ನನ್ನು ಕಾಪಾಡಿದವು.

ಮಧ್ಯಾಹ್ನ ದಾಟುವ ಹೊತ್ತಿಗೆ ಅಂಚು ನುಣ್ಣಗೆ ಮೇಲಕ್ಕೆ ಮಡಿಚಿಕೊಂಡಿತ್ತು. ಕೊನೆಯ ಎಳೆತದಲ್ಲಿ ಹಿಂತುದಿಯ ಹತ್ತಿರ ಕೂದಲೆಳೆಯಂತೆ ಬಣ್ಣ ಬಿರಿಯಿತು. ಗಿರಗಿಟ್ಲೆ ಬಗ್ಗಿ ನೋಡಿದಳು. ಅಂಗಡಿಯವನು ಸೀಳಿಗೆ ಬಣ್ಣ ತುಂಬಿಕೊಡುತ್ತೇನೆ ಎಂದ. ಬೇಡವೆಂದು ತಲೆಯಾಡಿಸಿ ಸ್ಟೀರಿಂಗಿನ ಮುಂದೆ ಕೂತಳು. ಅಲ್ಲಿ ಅಳಲು ಶುರುಮಾಡಿದಳು. ಅಪ್ಪನಿಗೆ ಹೇಗೆ ಮುಖ ತೋರಿಸಲಿ ಎಂದಳು.

“ಹೇಗೂ ತೋರಿಸಲೇಬೇಕು. ಮನೆಗೆ ಬೇಡ, ಸ್ಕೂಲಿಗೆ ನಡಿ” ಎಂದೆ.

ದಾರಿಯಲ್ಲಿ ರಸ್ತೆಯ ಉಬ್ಬುಗಳನ್ನೆಲ್ಲ ದಾಟಿದೆವು. ಒಮ್ಮೆಯೂ ಉಜ್ಜಲಿಲ್ಲ. ತಿರುವುಗಳಲ್ಲಿ ನನ್ನ ಮೈ ಹಳೆಯ ರೂಢಿಯಂತೆ ವಾಲಲು ತಯಾರಾಗುತ್ತಿತ್ತು. ಗಾಡಿ ವಾಲದೆ ಗಟ್ಟಿಯಾಗಿ ನಿಂತು ತಿರುಗುತ್ತಿತ್ತು. ನನ್ನ ಹೆಂಡತಿ ಓಡಿಸುವಾಗ ಅದು ತಿರುವಿನಲ್ಲಿ ಸ್ವಲ್ಪ ಜಾರಿ, ನನ್ನನ್ನು ಅವಳ ಭುಜಕ್ಕೆ ತಾಗಿಸಿ, ಮತ್ತೆ ಸರಿಯಾಗುತ್ತಿತ್ತು. ಎಷ್ಟು ವರ್ಷ ತಾಗಿದೆನೋ. ಅದು ಇನ್ನಿಲ್ಲ. ಅದನ್ನು ನಾನು ಮೊಮ್ಮಗಳಿಗೆ ಹೇಳಲಿಲ್ಲ; ಅವಳು ಕಣ್ಣೊರೆಸಿಕೊಂಡು ಚೆನ್ನಾಗಿ ಓಡಿಸುತ್ತಿದ್ದಳು.

ಸ್ಕೂಲೆಂದರೆ ಒಂದು ಕೋಣೆ, ಮುಂದೆ ಕಲಿಯುವವರಿಗೆ ಬಯಲು. ಆ ಹೊತ್ತಿನ ತರಗತಿ ಮುಗಿದಿತ್ತು. ಮಗ ಒಬ್ಬನೇ ಕಿತ್ತಳೆಬಣ್ಣದ ಕೋನುಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ. ಗಾಡಿಯಲ್ಲಿ ನನ್ನನ್ನು ಕಂಡು ಕೋನುಗಳನ್ನು ಅಲ್ಲೇ ಇಟ್ಟು ಬಂದ. ನನ್ನ ಮುಖ ನೋಡಿದ. ಆಮೇಲೆ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಹೆಬ್ಬೆರಳಿನಿಂದ ಅಂಚನ್ನು ಉದ್ದಕ್ಕೂ ಸವರಿದ. ಬಿರುಕಿನ ಹತ್ತಿರ ಬೆರಳು ನಿಂತಿತು.

“ಇಲ್ಲಿ ಬಣ್ಣ ಬಿಟ್ಟಿದೆ.”

“ಗೊತ್ತು ಅಪ್ಪ” ಎಂದಳು ಗಿರಗಿಟ್ಲೆ.

ಎಷ್ಟೋ ವಾರಗಳ ಮೇಲೆ ಒಬ್ಬರಿಗೊಬ್ಬರು ನೇರವಾಗಿ ಆಡಿದ ಮಾತು ಅಷ್ಟೆ. ಅಲ್ಲಿಗೇ ನಿಂತಿತು. ಅವನು ಏಳಲಿಲ್ಲ, ಅವಳು ಇಳಿಯಲಿಲ್ಲ. ಮಡಿಸು ಎಂದು ಹೇಳುವುದಷ್ಟೇ ನನ್ನ ಕೆಲಸವಾಗಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು, ಇಳಿದೆ.

“ಕೂತ್ಕೋ” ಎಂದೆ ಮಗನಿಗೆ.

“ನಾನ್ಯಾಕೆ? ಅದು ನಿಮ್ಮ ಸೀಟು.”

“ನನ್ನ ಭಾರಕ್ಕೆ ಟೈರು ತಾಗಲಿಲ್ಲ. ನೀನು ನನಗಿಂತ ದಪ್ಪ. ನಿನ್ನ ಭಾರಕ್ಕೆ ತಾಗುತ್ತೋ ಇಲ್ಲವೋ ನೋಡಬೇಕಲ್ಲ. ಇಲ್ಲದಿದ್ದರೆ ಕೊಟ್ಟ ದುಡ್ಡು ದಂಡ.”

ಅವನಿಗೆ ನಗು ಬಂತೋ ಇಲ್ಲವೋ ತಿಳಿಯದು, ಮುಖ ಆ ಕಡೆಗಿತ್ತು. ಪ್ಯಾಂಟಿನ ಧೂಳು ಕೊಡವಿಕೊಂಡು, ಸೀಟನ್ನು ಒಂದಿಷ್ಟು ಹಿಂದಕ್ಕೆ ತಳ್ಳಿ ಕೂತ. ಗಾಡಿ ಬಯಲನ್ನು ದಾಟಿ ರಸ್ತೆಗೆ ಇಳಿಯಿತು.

ಕಲಿಯುವವರು ಸರದಿ ಕಾಯುವ ಬೆಂಚಿನ ಮೇಲೆ ನಾನು ಕೂತೆ. ಟೈರು ಉಜ್ಜುತ್ತದೆಯೇ ಎಂದು ನೋಡಲು ಬೀದಿಯ ಕೊನೆಯ ಉಬ್ಬಿನ ತನಕ ಹೋಗಿಬಂದರೆ ಸಾಕಿತ್ತು. ಅವರು ಬರಲಿಲ್ಲ. ಬಿಸಿಲು ಬೆಂಚಿನಿಂದ ಇಳಿದು ಕೋನುಗಳ ಮೇಲೆ ಹೋಯಿತು. ನಾನು ದೇವರ ಹೆಸರು ಹೇಳಿಕೊಂಡೆ. ನಡುವೆ ಅವಳ ಹೆಸರೂ ಬಂತು, ದೇವರು ಬೇಸರಪಡುವವನಲ್ಲ.

ಗಾಡಿ ತಿರುಗಿ ಬಂದಾಗ ಒಳಗಿನಿಂದ ದೊಡ್ಡ ದನಿಗಳು ಕೇಳಿದವು.

“ತಿರುವಿಗೆ ಮುಂಚೆ ಗೇರ್ ಇಳಿಸು ಅಂದರೆ ತಿರುವಿನ ಮಧ್ಯೆ ಇಳಿಸ್ತೀಯಲ್ಲ.”

“ಈ ಟೈರಿಗೆ ಅದು ಬೇಕಾಗಿಲ್ಲ ಅಪ್ಪ, ಹಿಡಿದುಕೊಳ್ಳುತ್ತೆ.”

“ಟೈರು ಹಿಡಿಯುತ್ತೆ, ಗೇರ್‌ಬಾಕ್ಸು ಅಳುತ್ತೆ. ನಿಮ್ಮಜ್ಜಿ ಇದ್ದಿದ್ದರೆ ಕೈ ಮೇಲೆ ಹೊಡೀತಿದ್ದರು.”

“ಅಜ್ಜಿ ಹೊಡೀತಿದ್ದದ್ದು ನಿಮಗೆ. ನನಗೆ ಯಾವತ್ತೂ ಹೊಡೆದಿಲ್ಲ.”

ನನ್ನ ಮುಂದೆ ಬಂದು ನಿಂತ ಮೇಲೂ ಇಬ್ಬರೂ ಅದನ್ನೇ ಮುಂದುವರಿಸಿದರು. ಎಷ್ಟೋ ಹೊತ್ತಿನ ಮೇಲೆ ಮಗನಿಗೆ ನಾನು ಕಂಡೆ. ಬಾಗಿಲಿಗೆ ಕೈಹಾಕಿ, “ಬನ್ನಿ ಅಪ್ಪ, ನೀವು ಹತ್ತಿ. ನಾನು ಸ್ಕೂಲಿನ ಕಾರಲ್ಲಿ ಬರ್ತೀನಿ” ಎಂದ.

“ಟೈರು ತಾಗಿತಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಗಮನಿಸುವುದನ್ನೇ ಮರೆತಿದ್ದರು.

“ಹಾಗಾದರೆ ಇನ್ನೊಂದು ಸುತ್ತು ಹೋಗಿ ಬನ್ನಿ. ನನಗೇನೂ ಅವಸರ ಇಲ್ಲ” ಎಂದೆ.